ಸುತ್ತದೇ ಉಳಿದ ರುಮಾಲು

ಹುಮನಾಬಾದಿನ ಬಸ್‌ಸ್ಟ್ಯಾಂಡಿನಿಂದ ಧಾನ್ಯದ ಗಂಜ್ ಕಡೆಗೆ ಹೋಗುವ ರಸ್ತೆಯಲ್ಲಿ, ಗೊಬ್ಬರದ ಅಂಗಡಿ ದಾಟಿದ ಮೇಲೆ ಎಡಕ್ಕೆ, ಮರ್ಯಾದೆಯನ್ನು ಚಿಲ್ಲರೆಯಲ್ಲೂ ಸಗಟಿನಲ್ಲೂ ಮಾರುವ ಅಂಗಡಿ ಒಂದಿದೆ. ಬೋರ್ಡಿನ ಮೇಲೆ ಹಾಗೆ ಬರೆದಿಲ್ಲ. ‘ಸನ್ಮಾನ ಸಾಮಗ್ರಿ ಭಂಡಾರ, ಮಾಲಕರು: ದಾನಪ್ಪ’ ಎಂದಷ್ಟೇ ಇದೆ. ಒಳಗೆ ಶಾಲು, ಏಲಕ್ಕಿ ಹಾರ, ಗಂಧದ ಹಾರ, ಹಣ್ಣಿನ ಬುಟ್ಟಿ, ರುಮಾಲಿನ ರೇಷ್ಮೆ ಬಟ್ಟೆ, ಚೌಕಟ್ಟು ಹಾಕಿದ ಮಾನಪತ್ರ. ನಿವೃತ್ತಿಯಾದ ಮಾಸ್ತರರಿಂದ ಹಿಡಿದು ಸೊಸೈಟಿ ಚುನಾವಣೆಯಲ್ಲಿ ಗೆದ್ದವರ ತನಕ ಯಾರನ್ನು ದೊಡ್ಡವರನ್ನಾಗಿ ಮಾಡಬೇಕಾದರೂ ಸುತ್ತಲಿನ ಹತ್ತಿಪ್ಪತ್ತು ಹಳ್ಳಿಯ ಮಂದಿ ಇಲ್ಲಿಗೇ ಬರಬೇಕು.

ಈ ವ್ಯಾಪಾರದ ಗುಟ್ಟು ಒಂದಿದೆ. ಹೊರಗಿನವರಿಗೆ ಅದು ಗೊತ್ತಿಲ್ಲ. ಸನ್ಮಾನಕ್ಕೆ ಹೋದ ಶಾಲು ತಿರುಗಿ ಬರುತ್ತದೆ. ಒಬ್ಬ ಮನುಷ್ಯ ಎಷ್ಟು ಶಾಲು ಹೊದ್ದಾನು? ಮನೆಯ ಟ್ರಂಕು ತುಂಬಿ, ಹೆಂಡತಿ ಗೊಣಗತೊಡಗಿದ ಮೇಲೆ ಸನ್ಮಾನಿತರು ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ಜನ ಇಲ್ಲದ ಹೊತ್ತು ನೋಡಿ, ಮಿಠಾಯಿ ಅಂಗಡಿಯ ಚೀಲದಲ್ಲಿ ನಾಲ್ಕೈದು ಶಾಲು ತಂದು ಗಲ್ಲಾದ ಮೇಲೆ ಇಡುತ್ತಾರೆ. ದಾನಪ್ಪ ಏನೂ ಕೇಳುವುದಿಲ್ಲ. ಅರ್ಧ ಬೆಲೆ ಕೊಟ್ಟು, ಚಹಾ ತರಿಸಿ, ಹವಾಮಾನದ ಮಾತಾಡಿ ಕಳಿಸುತ್ತಾನೆ. ಶಾಲು ಪಕ್ಕದ ದರ್ಜಿ ಗಯಾಸುದ್ದೀನನ ಅಂಗಡಿಗೆ ಹೋಗಿ ಇಸ್ತ್ರಿಯಾಗಿ ಬರುತ್ತದೆ. ಬರುವಾಗ ಅಂಚಿನ ಒಳಮಗ್ಗುಲಲ್ಲಿ ನೀಲಿ ದಾರದ ಒಂದು ಹೊಲಿಗೆ ಇರುತ್ತದೆ. ಒಂದು ಸಲ ತಿರುಗಿ ಬಂದರೆ ಒಂದು ಹೊಲಿಗೆ, ಎರಡು ಸಲಕ್ಕೆ ಎರಡು. ಎಷ್ಟು ಹೊಲಿಗೆಯೋ ಅಷ್ಟು ಅಗ್ಗ. ಒಮ್ಮೆ ಏಳು ಹೊಲಿಗೆಯ ಶಾಲೊಂದು ಕೈಗೆ ಬಂದಾಗ ಗಯಾಸುದ್ದೀನ ಅದನ್ನು ಬೆಳಕಿಗೆ ಹಿಡಿದು, “ದಾನಪ್ಪ ಭಾಯ್, ಏಳು ಸಲ ಸ್ಟೇಜ್ ಏರಿ ಬಂದದಿದು. ನಮ್ಮಿಬ್ಬರಿಗಿಂತ ಇದರ ಇಜ್ಜತ್ ದೊಡ್ಡದು. ಎದ್ದ್ ನಿಂತ್ ಮಡಚೋಣ,” ಅಂದಿದ್ದ.

ದಾನಪ್ಪನಿಗೆ ಈಗ ಐವತ್ತೆಂಟು. ಈ ವ್ಯಾಪಾರ ಮೂವತ್ತು ವರ್ಷದ್ದು. ಜೊತೆಗೆ ಕೈಯಲ್ಲೊಂದು ಕಸುಬಿದೆ: ತಲೆಗೆ ರುಮಾಲು ಸುತ್ತುವುದು. ಬಸವಕಲ್ಯಾಣದ ಸಲಾವುದ್ದೀನ್ ಚಾಚಾ ಎಂಬ ಮುದುಕರ ಹತ್ತಿರ ಕಲಿತದ್ದು. ಚಾಚಾ ತೀರಿಕೊಂಡ ಮೇಲೆ ಎರಡೂ ಊರಲ್ಲಿ ಜೀವಂತ ತಲೆಯ ಮೇಲೆ ಒಂದೂವರೆ ನಿಮಿಷದಲ್ಲಿ, ಪಿನ್ನಿಲ್ಲದೆ, ಬಾಚಣಿಗೆಯ ಹಲ್ಲಿನಂಥ ಮಡಿಕೆ ಎಬ್ಬಿಸಿ ರುಮಾಲು ಸುತ್ತುವವ ದಾನಪ್ಪ ಒಬ್ಬನೇ ಉಳಿದ. ಉಳಿದವರೆಲ್ಲ ಟೋಪಿಯಂತೆ ಇಡುವ ರೆಡಿಮೇಡ್ ಪೇಟಕ್ಕೆ ಬಿದ್ದಿದ್ದಾರೆ.

ಇಷ್ಟು ವರ್ಷ ಎಷ್ಟೋ ತಲೆ ಹಿಡಿದವನಿಗೆ ದೊಡ್ಡವರ ಬಗ್ಗೆ ಭಯ ಉಳಿಯುವುದಿಲ್ಲ. ಯಾರ ತಲೆ ಬೆವರುತ್ತದೆ, ಯಾರು ಬಣ್ಣ ಹಚ್ಚುತ್ತಾರೆ, ರುಮಾಲು ಸುತ್ತುವಾಗ ಯಾರು ಕಣ್ಣು ಮುಚ್ಚಿಕೊಂಡು ಸುಖಪಡುತ್ತಾರೆ ಎಲ್ಲ ಅವನಿಗೆ ಗೊತ್ತು. ಮಾನಪತ್ರದ ಒಕ್ಕಣೆಯೂ ಅವನದೇ. ಐದು ನಮೂನೆ ಮಾಡಿಟ್ಟಿದ್ದಾನೆ: ರಾಜಕೀಯದವರಿಗೆ, ಮಾಸ್ತರರಿಗೆ, ಡಾಕ್ಟರರಿಗೆ, ವ್ಯಾಪಾರಿಗಳಿಗೆ, ಮತ್ತೆ ಏನೂ ಮಾಡದವರಿಗೆ. ಹೆಸರಿನ ಜಾಗ ಖಾಲಿ. ‘ನಿಗರ್ವಿ’, ‘ಸರಳ ಜೀವಿ’, ‘ಬಡವರ ಬಂಧು’ ಐದರಲ್ಲೂ ಇವೆ. ಅವನು ಬರೆದದ್ದೆಲ್ಲ ನಿಜವಾಗಿದ್ದರೆ ಈ ಎರಡು ತಾಲೂಕಿನ ಪ್ರತಿ ಬಡವನಿಗೂ ಹತ್ತು ಹತ್ತು ಜನ ಬಂಧುಗಳು ಇರಬೇಕಿತ್ತು.

ಆದರೆ ಬೋರ್ಡಿನ ಮೇಲಿನ ಅವನ ಹೆಸರೂ ಪೂರ್ತಿ ಹೆಸರಲ್ಲ. ಚರ್ಚಿನ ದಾಖಲೆಯಲ್ಲಿ ಅವನು ದಾನಿಯೇಲ. ಅಂಗಡಿ ತೆರೆದಾಗ ‘ದಾನಪ್ಪ’ ಎಂದು ಬರೆಸಿದ. ಬೇರೆ ಬೇರೆ ಜಾತಿಯ ಗಿರಾಕಿಗಳು ಇವನನ್ನು ತಮ್ಮವನೇ ಎಂದು ತಿಳಿದರು. ಇವನು ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಜಾರಿನ ಎಲ್ಲ ಅಂಗಡಿಯಲ್ಲೂ ಗಲ್ಲಾದ ಹಿಂದೆ ದೇವರ ಫೋಟೋ ಇದ್ದರೆ ಇವನ ಹಿಂದೆ ಗೊಬ್ಬರದ ಕಂಪನಿಯ ಕ್ಯಾಲೆಂಡರ್ ಇರುತ್ತಿತ್ತು. ಓಣಿಯವರಿಗೆ ವಿಷಯ ಗೊತ್ತಿತ್ತು. ಹೊರಗಿನವರು ಕೇಳುತ್ತಿರಲಿಲ್ಲ. ಮುಚ್ಚಿಟ್ಟಿದ್ದೇನೆ ಎಂದು ಅವನಿಗೇನೂ ಅನ್ನಿಸುತ್ತಿರಲಿಲ್ಲ. ಹೇಳುವ ಪ್ರಸಂಗ ಬಂದಿಲ್ಲ, ಅಷ್ಟೇ. ಮೂವತ್ತು ವರ್ಷ ಒಂದೇ ಒಂದು ಪ್ರಸಂಗವೂ ಬರದಂತೆ ನೋಡಿಕೊಳ್ಳುವುದಕ್ಕೂ ಜಾಣತನ ಬೇಕು.

ರವಿವಾರ ಮಾತ್ರ ಅವನು ಬೇರೆಯವನು. ಪ್ರಾರ್ಥನೆಗೆ ಅರ್ಧ ತಾಸು ಮೊದಲೇ ಚರ್ಚಿಗೆ ಹೋಗಿ ಜಮಖಾನೆ ಝಾಡಿಸಿ ಹಾಸುತ್ತಾನೆ. ಆಮೇಲೆ ಬಾಗಿಲ ಹತ್ತಿರ, ಕಾರ್ಖಾನೆಯ ಪಾಳಿ ಮುಗಿಸಿ ಬಂದು ತೂಕಡಿಸುವ ಹುಡುಗರ ಪಕ್ಕದಲ್ಲಿ ಕೂಡುತ್ತಾನೆ. ಚರ್ಚಿನವರೇನು ಶಾಲಿಗೆ ಆಸೆಪಡದವರಲ್ಲ. ಮೇಲಿನ ಅಧಿಕಾರಿಗಳು ಬಂದರೆ ಅಲ್ಲೂ ಹಾರ ಬೇಕು, ಮುಂದಿನ ಕುರ್ಚಿಗೆ ಅಲ್ಲೂ ನೂಕಾಟವಿದೆ. ದಾನಪ್ಪ ಅವರಿಗೆ ಅಸಲು ಬೆಲೆಗೆ ಶಾಲು ಕೊಡುತ್ತಾನೆ, ಹೊಲಿಗೆ ಇಲ್ಲದ್ದು.

ಜಮಖಾನೆ ಹಾಸುವ ಕೆಲಸ ಅವನ ಅಪ್ಪನದು. ಅಪ್ಪ ಬೇಮಳಖೇಡದಿಂದ ಬಂದು ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ. ಆಗಿನ ಕಾಲದಲ್ಲಿ ಅವನ ಓಣಿಯ ಹಮಾಲರು ನೀರು ಕೇಳಿದರೆ ಅಡತಿಯ, ಅಂದರೆ ಧಾನ್ಯದ ದಲ್ಲಾಳಿ ಅಂಗಡಿಯ, ಮೆಟ್ಟಿಲ ಕೆಳಗೆ ಬಗ್ಗಿ ಬೊಗಸೆ ಒಡ್ಡಬೇಕು. ಮೇಲೆ ನಿಂತವರು ತಂಬಿಗೆ ಎತ್ತರಕ್ಕೆ ಹಿಡಿದು, ಕೈಗೆ ಕೈ ತಾಗದಂತೆ ಸುರಿಯಬೇಕು. ಮಗ ಹುಟ್ಟಿ ಮೂರು ತಿಂಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ಪಾದ್ರಿಗಳು ಬಟ್ಟಲಿಗೆ ಕೈ ಅದ್ದಿ, ಒದ್ದೆ ಕೈಯನ್ನು ಕೂಸಿನ ನೆತ್ತಿಯ ಮೇಲೆ ಇಟ್ಟೇ ಬಿಟ್ಟರು. ಅಪ್ಪ ಸಾಯುವ ತನಕ ಅದನ್ನು ಹೇಳುತ್ತಿದ್ದ: “ನೀರು ಮ್ಯಾಲಿಂದ ಬೀಳೋದು ನೋಡಿದ್ನಿ. ಅವತ್ತ ನೀರಿನ ಜೋಡಿ ಕೈನೂ ಬಂತು.”

ದಾನಪ್ಪ ಈ ಕತೆಯನ್ನು ನೂರು ಸಲ ಕೇಳಿ ಬೇಸತ್ತಿದ್ದ. ಅವನ ತಲೆಯಲ್ಲಿ ಉಳಿದದ್ದು ಕತೆಯ ಇನ್ನೊಂದು ತುದಿ, ಆ ಮೆಟ್ಟಿಲು. ಒಂದು ದಿನ ಆ ಮೆಟ್ಟಿಲ ಮೇಲಿನ ಮಂದಿ ತನ್ನನ್ನು ಮೇಲೆ ಕರೆದು ಕೂಡಿಸಬೇಕು. ಊರಿನ ಸನ್ಮಾನಗಳನ್ನೆಲ್ಲ ಗೇಲಿ ಮಾಡುವ ಮನುಷ್ಯನ ಎದೆಯೊಳಗೆ ಇಂಥದ್ದೊಂದು ಆಸೆ ಕೂತಿದೆ ಎಂದು ಗಯಾಸುದ್ದೀನನಿಗೂ ಗೊತ್ತಿರಲಿಲ್ಲ. ಹೆಂಡತಿ ವಿದ್ಯಾವತಿಗೆ ಗೊತ್ತಿತ್ತು. ಆಕೆ ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಕಳೆದ ದೀಪಾವಳಿಯಾದ ಮೇಲೆ ಬಸವಕಲ್ಯಾಣದ ವೀರಭದ್ರಪ್ಪ ಅಂಗಡಿಗೆ ಬಂದರು. ಅಡತಿ ವ್ಯಾಪಾರಿ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗು. ಅವರದೊಂದು ಗೌರವ ಬಳಗ ಇದೆ. ವರ್ಷಕ್ಕೊಮ್ಮೆ ಹನ್ನೊಂದು ಜನ ಸಾಧಕರಿಗೆ ವೇದಿಕೆಯ ಮೇಲೆಯೇ ರುಮಾಲು ಸುತ್ತಿಸುತ್ತಾರೆ. ರೆಡಿಮೇಡ್ ಪೇಟ ಅವರಿಗೆ ಆಗದು. ‘ಸ್ಥಳದಲ್ಲೇ ಸುತ್ತಿದ ರುಮಾಲು’ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಾರೆ. ಎಂಟು ವರ್ಷದಿಂದ ಆ ಕೆಲಸ ದಾನಪ್ಪನದೇ.

ಶಾಲಿನ ಆರ್ಡರು ಬರೆಸಿ, ಚಹಾ ಕುಡಿದು, ಎದ್ದು ನಿಂತ ಮೇಲೆ ವೀರಭದ್ರಪ್ಪ ಹತ್ತೇ ಹೆಸರು ಹೇಳಿದ್ದಾರೆಂದು ದಾನಪ್ಪ ನೆನಪಿಸಿದ.

“ಹನ್ನೊಂದನೇದು ನಿಂದ ಬರಕೋ,” ಅಂದರು ವೀರಭದ್ರಪ್ಪ. “ವ್ಯಾಪಾರ ರತ್ನ. ಎಂಟು ವರ್ಷ ಮಂದಿ ತಲಿ ಹಿಡದೀದಿ. ನಿಂದೊಂದು ತಲಿ ಅದನೋ ಇಲ್ಲೋ ನಾವು ನೋಡಬ್ಯಾಡೇನು?”

ದಾನಪ್ಪ ಗೇಲಿಯ ಮಾತೊಂದನ್ನು ಹುಡುಕಿದ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಸಿಗಲಿಲ್ಲ. “ನಿಮ್ಮ ದೊಡ್ಡ ಮನಸ್ಸು ಸಾವ್ಕಾರ್ರೆ,” ಎಂದ. ಇದು ಅವನ ಗಿರಾಕಿಗಳು ಆಡುವ ಮಾತು. ಅವನ ಬಾಯಿಂದ ಅದನ್ನು ಕೇಳಿ ಪಕ್ಕದ ಅಂಗಡಿಯಲ್ಲಿ ಗಯಾಸುದ್ದೀನ ಹೊಲಿಗೆ ಯಂತ್ರ ನಿಲ್ಲಿಸಿದ.

ಹೊರಡುವಾಗ ವೀರಭದ್ರಪ್ಪ ಪರಿಚಯ ಬರೆದುಕೊಡಲು ಹೇಳಿದರು. ನಿರೂಪಣೆಯ ಅನುರಾಧಾ ಟೀಚರು ಓದುತ್ತಾರಂತೆ. ಆಮೇಲೆ ದನಿ ತಗ್ಗಿಸಿ, ಸಲಹೆ ಕೊಡುವವರಂತೆ, ಚರ್ಚಿನ ಮಾತು ಅದರಲ್ಲಿ ಬೇಡ ಎಂದರು. ಎಂಟು ವರ್ಷದಲ್ಲಿ ವಿಷಯ ಅವರ ಕಿವಿಗೂ ಬಿದ್ದಿತ್ತು. ತಮಗೇನಿಲ್ಲ, ತಮಗೆ ಎಲ್ಲರೂ ಒಂದೇ; ಆದರೆ ಸಭೆಯಲ್ಲಿ ನೂರು ಬಾಯಿ ಇರುತ್ತವೆ, ಯಾರೋ ಏನೋ ಅಂದರೆ ಕಾರ್ಯಕ್ರಮ ಕೆಡುತ್ತದೆ. ವ್ಯಾಪಾರದವನನ್ನು ವ್ಯಾಪಾರದವನೆಂದು ಕರೆದರೆ ಸಾಕಲ್ಲ. ವೀರಭದ್ರಪ್ಪನವರ ದನಿಯಲ್ಲಿ ಕೆಡುಕು ಇರಲಿಲ್ಲ. ದಾನಪ್ಪ ಮೂವತ್ತು ವರ್ಷ ತನಗೆ ತಾನೇ ಹೇಳಿಕೊಂಡದ್ದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು, ಅಷ್ಟೇ. ಅವನು ತಲೆ ಆಡಿಸಿದ.

ಪರಿಚಯ ಬರೆಯಲು ಮೂರು ಮಧ್ಯಾಹ್ನ ಬೇಕಾದವು. ವ್ಯಾಪಾರಿಗಳ ನಮೂನೆ ಎದುರಿಗಿಟ್ಟುಕೊಂಡು ಕೂತರೆ ಪ್ರತಿ ಮಾತೂ ಯಾರದೋ ತಲೆ ನೆನಪಿಸುತ್ತಿತ್ತು. ‘ನಿಗರ್ವಿ’ ಎಂದೊಡನೆ ಎರಡು ಸಲ ರುಮಾಲು ಬಿಚ್ಚಿಸಿ ಮತ್ತೆ ಸುತ್ತಿಸಿಕೊಂಡ ಗುತ್ತಿಗೆದಾರ ಕಣ್ಣಿಗೆ ಬಂದ. ‘ಬಡವರ ಬಂಧು’ ಎಂದೊಡನೆ ಸ್ವಂತ ತಮ್ಮನನ್ನೇ ಹೊಲದಿಂದ ಹೊರಗೆ ಹಾಕಿದವನು ಬಂದ. ಕೊನೆಗೆ ಅಪ್ಪ ಹಮಾಲ ಎಂಬುದನ್ನು ‘ಧಾನ್ಯ ವ್ಯಾಪಾರಕ್ಕೆ ಸಂಬಂಧಿಸಿದ ಮನೆತನ’ ಎಂದು ತಿದ್ದಿ, ಮೂವತ್ತು ವರ್ಷದ ಸೇವೆ ಇತ್ಯಾದಿ ಸೇರಿಸಿ ಒಂದು ಪುಟ ಮಾಡಿದ.

ಊಟದ ಡಬ್ಬಿ ತಂದ ವಿದ್ಯಾವತಿ ರೊಟ್ಟಿ, ಪುಂಡಿಪಲ್ಲೆ ಬಿಚ್ಚಿಟ್ಟು ಕಾಗದ ಎತ್ತಿಕೊಂಡಳು. ಕೊನೆಯ ತನಕ ಓದಿದಳು.

“ಛಲೋ ಮನುಷ್ಯಾ ಕಾಣ್ತಾನ. ಯಾರ್ರಿ ಇಂವ?”

“ಯಾರಂದ್ರ? ನಾನ.”

“ನೀವೇನು? ನನ್ನ ಲಗ್ನ ಆಗಿದ್ದು ಚರ್ಚಿನಾಗ. ಇಂವಗ ಚರ್ಚ್ ಯಾವ ದಿಕ್ಕಿಗದ ಅನ್ನೋದ ಗೊತ್ತಿದ್ದಂಗ ಕಾಣಂಗಿಲ್ಲ. ನಮ್ಮ ಮಾವನೂ ಇದರಾಗ ಇಲ್ಲ. ಇಂವನ ಹೆಂಡ್ತಿ ಬ್ಯಾರೆ ಯಾಕಿರೆ ಇರಬೇಕು.”

ದಾನಪ್ಪ ರೊಟ್ಟಿ ಮುರಿಯುತ್ತ, ಇದೆಲ್ಲ ಸಭೆಯ ರೀತಿ, ಎಲ್ಲರೂ ಹೀಗೇ ಬರೆಯುವುದು, ಕಾಗದದಲ್ಲಿ ಇಲ್ಲದಿದ್ದರೆ ಮನಸ್ಸಿನಲ್ಲಿ ಇಲ್ಲವೆಂದಲ್ಲ ಎಂದು ಏನೇನೋ ಹೇಳಿದ. ವಿದ್ಯಾವತಿ ಕಾಗದ ಮಡಚಿ ಎಲ್ಲಿಂದ ತೆಗೆದಿದ್ದಳೋ ಅಲ್ಲೇ ಇಟ್ಟು, ಇನ್ನೊಂದು ರೊಟ್ಟಿ ಹಾಕಿದಳು. ಅಂದು ಪುಂಡಿಪಲ್ಲೆ ಅವನಿಗೆ ಎಂದಿಗಿಂತ ಹುಳಿ ಅನ್ನಿಸಿತು.

ಮುಖ್ಯ ಅತಿಥಿಗಳಿಗೆ ಬೇರೆ ದಿನ ಬಿಡುವಿಲ್ಲವೆಂದು ಕಾರ್ಯಕ್ರಮ ರವಿವಾರ ಬೆಳಿಗ್ಗೆಗೆ ಬಿತ್ತು. ಶನಿವಾರ ದಾನಪ್ಪ ಹನ್ನೊಂದು ಶಾಲು ಕಟ್ಟಿದ. ಆ ಬೆಲೆಯ ಹೊಸವು ಮುಗಿದಿದ್ದರಿಂದ ಮೂರು ಹೊಲಿಗೆಯವೂ ಕೆಲವು ಸೇರಿದವು. ವೀರಭದ್ರಪ್ಪನವರಿಗೆ ಅದು ತಿಳಿದದ್ದೇ, ಬೆಲೆಯೂ ಹಾಗೆಯೇ ಆಗಿತ್ತು. ಆದರೆ ಒಂದೇ ಒಂದು ಶಾಲನ್ನು ಅವನು ಸೂರತ್‌ನಿಂದ ಬಂದ ಹೊಸ ಗಂಟಿನಿಂದ ಬಿಚ್ಚಿ ತೆಗೆದ. ಜರಿ ಅಂಚಿನದು, ಗೋಧಿ ಬಣ್ಣದ್ದು, ಒಂದೂ ಹೊಲಿಗೆ ಇಲ್ಲದ್ದು. ತನಗೆಂದು ಅದನ್ನು ಎಲ್ಲದರ ಮೇಲಿಟ್ಟ. ಗಯಾಸುದ್ದೀನ ಆ ಶಾಲು ನೋಡಿದ, ಅವನ ಮುಖ ನೋಡಿದ, ಹಲ್ಲಿನಲ್ಲಿ ದಾರ ಕಡಿದ.

ರವಿವಾರ ಬೆಳಿಗ್ಗೆ ಹೊಸ ಬಿಳಿ ಅಂಗಿ ಹಾಕಿಕೊಂಡು ಹೊರಟಾಗ ದಾನಪ್ಪ ಬಾಗಿಲಲ್ಲಿ ನಿಂತ. ಜಮಖಾನೆಯ ನೆನಪಾಗಿತ್ತು.

“ನಾ ಹಾಸ್ತೀನಿ, ಹೋಗ್ರಿ,” ಅಂದಳು ವಿದ್ಯಾವತಿ. “ನಿಮ್ಮ ಹೆಸರು ಹೇಳಿ ಹಾಸ್ಲೇನು, ಸುಮ್ಮ ಹಾಸ್ಲೇನು?”

ಗಯಾಸುದ್ದೀನ ಜೊತೆಗೆ ಬಂದ. ರುಮಾಲಿನ ಬಟ್ಟೆಗಳ ಗಂಟು ಹಿಡಿಯಲು ಪ್ರತಿ ವರ್ಷ ಬರುತ್ತಿದ್ದ. ಬಸ್ಸು ಬಂಗ್ಲಾ ಎಂಬ ಕೂಡುರಸ್ತೆಯ ಹತ್ತಿರ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳಿತು. ಎರಡೂ ಕಡೆ ತೊಗರಿ ಹೂವಾಡಿತ್ತು. ಗಯಾಸುದ್ದೀನ ಇದ್ದಕ್ಕಿದ್ದಂತೆ, ಹತ್ತು ತಲೆಗೆ ನೀನು ಸುತ್ತುತ್ತಿ, ಹನ್ನೊಂದನೆಯದಕ್ಕೆ ಯಾರು ಎಂದು ಕೇಳಿದ. ದಾನಪ್ಪ ಕಿಟಕಿಯ ಹೊರಗೆ ನೋಡುತ್ತ, ಸಾವ್ಕಾರರು ಏನಾದರೂ ಮಾಡಿರುತ್ತಾರೆ ಎಂದ. ಸಾವ್ಕಾರರು ಏನೂ ಮಾಡಿರಲಿಲ್ಲ. ಎಂಟು ವರ್ಷ ಆ ಕೆಲಸ ತಾನಾಗಿ ಆಗಿಹೋಗುತ್ತಿತ್ತು. ಮಾಡುವವನೊಬ್ಬ ಇದ್ದಾನೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಮಾಡುವವನೂ ಮರೆತಿದ್ದ.

ಕಲ್ಯಾಣಮಂಟಪ ತುಂಬಿತ್ತು. ಹನ್ನೊಂದಕ್ಕೆಂದ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಯಿತು. ಮೊದಲ ಹೆಸರು ಕರೆದೊಡನೆ ಬಳಗದ ಯಾರೋ ಒಬ್ಬರು ಎಲ್ಲಕ್ಕಿಂತ ಮೇಲಿದ್ದ ಗೋಧಿ ಬಣ್ಣದ ಶಾಲು ತೆಗೆದು ಗುತ್ತಿಗೆದಾರನೊಬ್ಬನ ಹೆಗಲಿಗೆ ಹಾಕಿದರು. ದಾನಪ್ಪ ಆಗ ಅದೇ ಗುತ್ತಿಗೆದಾರನ ತಲೆಗೆ ರುಮಾಲಿನ ಮೊದಲ ಸುತ್ತು ಹಾಕುತ್ತಿದ್ದ. ಕೈ ಅರೆಕ್ಷಣ ನಿಂತಿತು, ಮುಂದುವರಿಯಿತು. ಒಂದು ತಲೆ, ಎರಡು ತಲೆ, ಐದು ತಲೆ. ಚಪ್ಪಾಳೆ, ಫೋಟೋ. ಪ್ರತಿಯೊಬ್ಬರಿಗೂ ಅನುರಾಧಾ ಟೀಚರು ಪರಿಚಯ ಓದುತ್ತಿದ್ದರು. ಎಲ್ಲ ಮಾತೂ ಅವನವೇ. ಅವನ ನಮೂನೆಗಳನ್ನೇ ನೋಡಿ ಎಲ್ಲರೂ ತಮ್ಮ ತಮ್ಮ ಪರಿಚಯ ಬರೆದುಕೊಂಡಿದ್ದರು. ಹತ್ತು ಜನ ನಿಗರ್ವಿಗಳು ಸಾಲಾಗಿ, ಒಬ್ಬರಿಗಿಂತ ಒಬ್ಬರು ಎದೆ ಉಬ್ಬಿಸಿ ಕೂತರು.

ಹನ್ನೊಂದನೆಯ ಹೆಸರು ಬಂತು. “ಧಾನ್ಯ ವ್ಯಾಪಾರಕ್ಕೆ ಸಂಬಂಧಿಸಿದ ಮನೆತನದಲ್ಲಿ ಜನಿಸಿದ ಶ್ರೀ ದಾನಪ್ಪನವರು...” ಟೀಚರ ದನಿ ಚೆನ್ನಾಗಿತ್ತು. ದಾನಪ್ಪ ಕುರ್ಚಿಯಲ್ಲಿ ಕೂತು ಕೇಳಿದ. ಕೇಳುತ್ತ ಕೇಳುತ್ತ ಅವನಿಗೆ ಆ ಮನುಷ್ಯನ ಬಗ್ಗೆ ಸ್ವಲ್ಪವೂ ಆಸಕ್ತಿ ಹುಟ್ಟಲಿಲ್ಲ. ಇಂಥ ಎಷ್ಟೋ ಜನರನ್ನು ಅವನೇ ತಯಾರು ಮಾಡಿ ಕಳಿಸಿದ್ದ. ಅವರಲ್ಲಿ ಹಮಾಲನ ಮಗ ಯಾರೂ ಇರಲಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಹೆಗಲಿಗೆ ಶಾಲು ಹೊದಿಸಿದರು. ಬೆರಳು ಅಭ್ಯಾಸದಿಂದ ತಾನಾಗಿ ಅಂಚಿನ ಒಳಮಗ್ಗುಲಿಗೆ ಹೋಯಿತು. ಮೂರು ಹೊಲಿಗೆ.

ಆಮೇಲೆ ರುಮಾಲು. ವೀರಭದ್ರಪ್ಪ ತಟ್ಟೆಯಲ್ಲಿದ್ದ ರೇಷ್ಮೆ ಬಟ್ಟೆ ಎತ್ತಿ ಹಿಡಿದರು. ಹಿಡಿದುಕೊಂಡೇ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಳಗದವರು ಒಬ್ಬರನ್ನೊಬ್ಬರು ನೋಡಿದರು. ಒಬ್ಬರು ಮುಂದೆ ಬಂದು ಎರಡು ಸುತ್ತು ಹಾಕಿದರು. ಬಟ್ಟೆ ಜಾರಿ ದಾನಪ್ಪನ ಕಣ್ಣಿನ ಮೇಲೆ ಬಿತ್ತು. ಸಭೆಯಲ್ಲಿ ನಗು ಎದ್ದಿತು. ವೀರಭದ್ರಪ್ಪ ಬಗ್ಗಿ, ಮೈಕು ಪಕ್ಕದಲ್ಲೇ ಇದೆ ಎಂಬುದನ್ನು ಮರೆತು, “ನೀನ ಸುತ್ಕೋ ಮಾರಾಯಾ, ಫೋಟೋದವರು ಕಾಯಾಕತ್ತಾರ,” ಅಂದರು. ಇಡೀ ಮಂಟಪಕ್ಕೆ ಕೇಳಿಸಿತು.

ದಾನಪ್ಪ ಬಟ್ಟೆಯನ್ನು ಕಣ್ಣಿಂದ ಸರಿಸಿ ಕೈಯಲ್ಲಿ ಹಿಡಿದ. ಕಣ್ಣು ಮುಚ್ಚಿದ್ದರೂ ಸುತ್ತಿಕೊಳ್ಳಬಲ್ಲ. ಒಂದೂವರೆ ನಿಮಿಷದ ಕೆಲಸ. ಆದರೆ ಅವನ ಕೈ ತಲೆಯ ತನಕ ಹೋಗಿ ಅಲ್ಲೇ, ಬರಿ ನೆತ್ತಿಯ ಮೇಲೆ ನಿಂತಿತು. ಐವತ್ತೆಂಟು ವರ್ಷದ ಹಿಂದೆ ಇದೇ ಜಾಗದಲ್ಲಿ ಇನ್ನೊಂದು ಕೈ ನಿಂತಿತ್ತು. ಅದನ್ನು ಅವನು ನೋಡಿರಲಿಲ್ಲ, ಅಪ್ಪ ಹೇಳಿದ್ದಷ್ಟೇ. ಬೇಸತ್ತು ಕೇಳಿದ ಕತೆ.

“ಸಾವ್ಕಾರ್ರೆ,” ಅಂದ. “ತನ್ನ ತಲಿಗಿ ತಾನ ಸುತ್ಕೊಂಡ್ರ ಅದು ಸನ್ಮಾನ ಅಲ್ರಿ. ಚಳಿಗಿ ಸುತ್ಕೊಂಡಂಗ.”

ಸಭೆ ಮತ್ತೆ ನಕ್ಕಿತು. ನಗು ಇಳಿಯುವ ತನಕ ಅವನು ಬಟ್ಟೆ ಮಡಚುತ್ತ ನಿಂತ. ಆಮೇಲೆ ಮೈಕಿನ ಕಡೆ ತಿರುಗಿ, ಗಿರಾಕಿಗೆ ಮಾಲಿನ ಗುಣ ಹೇಳುವ ದನಿಯಲ್ಲಿ, ಏರಿಸದೆ ಇಳಿಸದೆ ಹೇಳಿದ:

“ಟೀಚರು ಓದಿದ್ದು ನಾನ ಬರದಿದ್ದು. ಅದರಾಗ ಒಂದೆರಡು ಬಿಟ್ಟೀನ್ರಿ. ನನ್ನ ಹೆಸರು ದಾನಿಯೇಲ. ನಮ್ಮಪ್ಪ ಗಂಜಿನಾಗ ಹಮಾಲ ಇದ್ದ. ನಾ ಮೂರು ತಿಂಗಳ ಕೂಸಿದ್ದಾಗ ಹುಮನಾಬಾದ ಚರ್ಚಿನಾಗ ಕ್ರಿಸ್ತನ ಹೆಸರಿಲೆ ಈ ತಲಿ ಮ್ಯಾಲ ನೀರಿಟ್ಟಾರ. ಆಗ ನನ್ನ ಸಾಧನಾ ಏನೂ ಇರಲಿಲ್ರಿ, ಅಳೋದೊಂದು ಬಿಟ್ರ. ಆದ್ರೂ ಕೊಟ್ರು. ನನ್ನ ಅಂಗಡಿಗಿ ಎಲ್ಲಾ ಮಾಲು ವಾಪಸ್ ಬರತದ. ಅದೊಂದು ಯಾರೂ ವಾಪಸ್ ಕೇಳಿಲ್ಲ. ಅದರ ಮ್ಯಾಲ ಇನ್ನೊಂದು ಸುತ್ತೋದು ಬ್ಯಾಡ್ರಿ.”

ಮಡಚಿದ ರುಮಾಲನ್ನು ತಟ್ಟೆಯಲ್ಲಿಟ್ಟು ಕೈಮುಗಿದ. ವೀರಭದ್ರಪ್ಪ ಭಯಪಟ್ಟ ನೂರು ಬಾಯಿಗಳಲ್ಲಿ ಒಂದೂ ತೆರೆಯಲಿಲ್ಲ. ಹಿಂದಿನ ಸಾಲಿನಲ್ಲಿ, ಊಟದ ಪಾತ್ರೆ ಹೊತ್ತು ತಂದು ಗೋಡೆಗೆ ಆತು ನಿಂತಿದ್ದ ಹಮಾಲರ ಕಡೆಯಿಂದ ಚಪ್ಪಾಳೆ ಶುರುವಾಯಿತು ಎಂದು ಗಯಾಸುದ್ದೀನ ಆಮೇಲೆ ಹೇಳುತ್ತಿದ್ದ. ಗಯಾಸುದ್ದೀನ ಮಾತಿಗೆ ಸ್ವಲ್ಪ ಜರಿ ಹಚ್ಚುವವನು. ಊಟ ಬಡಿಸುವ ಹೊತ್ತಾಗಿತ್ತು, ಜನ ಮುಗಿದರೆ ಸಾಕೆಂದು ಚಪ್ಪಾಳೆ ತಟ್ಟಿದರು ಎಂಬುದೂ ಇರಬಹುದು. ಏನೇ ಇರಲಿ, ಚಪ್ಪಾಳೆ ಜೋರಾಗಿಯೇ ಬಿತ್ತು. ರುಮಾಲು ಸುತ್ತಿಸಿಕೊಂಡ ಹತ್ತೂ ಜನರಿಗೆ ಬಿದ್ದದ್ದಕ್ಕಿಂತ ಜೋರಾಗಿ. ಅದನ್ನು ಆ ಹತ್ತೂ ಜನ ಗಮನಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಗಯಾಸುದ್ದೀನ, “ಭಾಯ್, ನಿನ್ನ ಪೂರಾ ಹೆಸರು ಇಷ್ಟ್ ಛಲೋ ಅದ. ಮೂವತ್ತು ವರ್ಷ ಯಾಕ ಅರ್ಧಾನ ಮಾರಾಕತ್ತಿದ್ದಿ?” ಎಂದ. ದಾನಪ್ಪ ತೊಡೆಯ ಮೇಲಿನ ಗಂಟನ್ನು ಬಿಗಿಮಾಡಿದ. ಗಂಟಿನಲ್ಲಿ ಆ ರೇಷ್ಮೆ ಬಟ್ಟೆಯೂ ಇತ್ತು. ವೀರಭದ್ರಪ್ಪ ಬೇಡವೆಂದು ವಾಪಸು ಕೊಟ್ಟಿದ್ದರು. ಅದಕ್ಕೆ ಹೊಲಿಗೆ ಹಾಕಬೇಕೋ ಬೇಡವೋ ಎಂದು ಇಬ್ಬರೂ ಚರ್ಚೆ ಮಾಡಿ, ಸುತ್ತದ ರುಮಾಲು ಹೊಸ ಮಾಲೇ ಎಂದು ತೀರ್ಮಾನಿಸಿದರು.

ಮನೆಯಲ್ಲಿ ವಿದ್ಯಾವತಿಗೆ ಎಲ್ಲ ಕತೆ ಗಯಾಸುದ್ದೀನನಿಂದಲೇ ತಿಳಿಯಿತು. ಆಕೆ ಕೇಳುತ್ತ ಕೇಳುತ್ತ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಗಂಡನಿಗೆ ಮಾತ್ರ, ಜಮಖಾನೆ ಹಾಸಿದ್ದು ಆಯಿತು, ಒಂದು ಮೂಲೆ ಹರಿದಿದೆ, ಹೊಲಿಸಬೇಕು ಎಂದಳು.

ಮೂರನೆಯ ದಿನ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು: ರುಮಾಲು ನಿರಾಕರಿಸಿದ ಸರಳ ಜೀವಿ. ದಾನಪ್ಪ ಪತ್ರಿಕೆಯನ್ನು ಗಲ್ಲಾದ ಮೇಲೆ, ಗಿರಾಕಿಗಳಿಗೆ ಕಾಣುವ ಹಾಗೆ ಮಡಚಿಟ್ಟ. ಓಣಿಯವರು ಬಂದು ಕೈ ಕುಲುಕಿದರು. ಚರ್ಚಿನಲ್ಲಿ ಪಾದ್ರಿಗಳು ಹೆಸರು ಹಿಡಿದು ಪ್ರಾರ್ಥಿಸಿದರು; ಅಂದು ಅವನು ಬಾಗಿಲ ಹತ್ತಿರದ ಜಾಗ ಬಿಟ್ಟು ಎರಡು ಸಾಲು ಮುಂದೆ ಕೂತಿದ್ದ. ವಾರ ಪೂರ್ತಿ ಯಾರು ಬಂದರೂ ವೇದಿಕೆಯ ಕತೆ ಹೇಳಿದ. ಪ್ರತಿ ಸಲ ಹೇಳುವಾಗಲೂ ಮಂಟಪ ಸ್ವಲ್ಪ ದೊಡ್ಡದಾಗುತ್ತಿತ್ತು. ಒಂಬತ್ತನೆಯ ದಿನ ಡಬ್ಬಿ ತಂದ ವಿದ್ಯಾವತಿ ಒಬ್ಬ ಗಿರಾಕಿ ಹೋಗುವ ತನಕ ಕಾದು, “ಬ್ಯಾಡ ಅಂದಿದ್ದಕ್ಕೂ ಶಾಲು ಹೊದ್ದಂಗ ಆತಲ್ರಿ. ಇದಕ್ಕ ಎಷ್ಟು ಹೊಲಗಿ ಬಿದ್ವು?” ಎಂದು ಕೇಳಿದಳು.

ದಾನಪ್ಪ ಮುರಿದ ರೊಟ್ಟಿಯನ್ನು ಡಬ್ಬಿಯಲ್ಲೇ ಇಟ್ಟ. ಆಮೇಲೆ ಪತ್ರಿಕೆ ತೆಗೆದು, ಒಂದು ನೆನಪಿನ ಕಾಣಿಕೆಯ ಗಾಜಿಗೆ ಸುತ್ತಿ, ಕೊಹಿನೂರ ಹಳ್ಳಿಯಿಂದ ಬಂದ ಗಿರಾಕಿಗೆ ಕಟ್ಟಿಕೊಟ್ಟ. ಮುಂದಿನ ರವಿವಾರ ಬಾಗಿಲ ಹತ್ತಿರ ಕೂತ.

ಜನವರಿಯಲ್ಲಿ ವೀರಭದ್ರಪ್ಪ ಬಂದರು. ಮುನಿಸು ಇಳಿದಿತ್ತು, ಆ ಪ್ರಸಂಗದಿಂದ ತಮ್ಮ ಬಳಗದ ಹೆಸರು ನಾಲ್ಕು ಕಡೆ ಹೋಗಿದೆ ಎಂಬ ಲೆಕ್ಕ ಅವರಿಗೆ ಸಿಕ್ಕಿತ್ತು. ಕೂತೊಡನೆ ಒಂದು ಹೊಸ ವಿಚಾರ ತೆಗೆದರು. ಬರುವ ಕಾರ್ಯಕ್ರಮಕ್ಕೆ ಸನ್ಮಾನ ಬೇಡವೆನ್ನುವವರು ಇಬ್ಬರು ಮೂವರು ಗಂಟುಬಿದ್ದಿದ್ದಾರೆ. ಗೋಧಿ ಬಣ್ಣದ ಶಾಲು ಹೊದ್ದ ಆ ಗುತ್ತಿಗೆದಾರನೂ ಒಬ್ಬ. ವೇದಿಕೆಯ ಮೇಲೆ ರುಮಾಲು ತಟ್ಟೆಯಲ್ಲಿ ತಿರುಗಿ ಇಡುತ್ತಾರಂತೆ. ಅಂಥವರಿಗೆ ಒಂದು ಮಾನಪತ್ರ ಬೇಕು. ಆರನೆಯ ನಮೂನೆ ಮಾಡಿಕೊಡಬಹುದೋ?

ದಾನಪ್ಪ ಗಟ್ಟಿಯಾಗಿ ನಕ್ಕ. ಐದನೆಯದೇ ಸಾಕು, ಏನೂ ಮಾಡದವರದು, ಸರಿಯಾಗಿ ಹೊಂದುತ್ತದೆ ಎಂದ. ವೀರಭದ್ರಪ್ಪನವರೂ ನಕ್ಕು, ದಿನ ಗೊತ್ತುಮಾಡಲು ತಲೆ ಎತ್ತಿ ಗಲ್ಲಾದ ಹಿಂದೆ ನೋಡಿದರು. ಗೊಬ್ಬರದ ಕಂಪನಿಯ ಕ್ಯಾಲೆಂಡರ್ ಅಲ್ಲಿರಲಿಲ್ಲ. ಹೊಸ ವರ್ಷದ ದಿನ ವಿದ್ಯಾವತಿ ಅದರ ಮೊಳೆಗೆ ಚರ್ಚಿನ ಕ್ಯಾಲೆಂಡರ್ ತೂಗುಹಾಕಿದ್ದಳು. ದಾನಪ್ಪ ನೋಡಿದ, ಸೊಟ್ಟಗಿದ್ದುದನ್ನು ಸರಿಮಾಡಿದ, ಅಷ್ಟೇ. ವೀರಭದ್ರಪ್ಪ ಶಿಲುಬೆಯ ಚಿತ್ರವನ್ನು ಒಂದು ಗಳಿಗೆ ನೋಡಿ, ಎದ್ದು ಬಂದು ಅದರ ಕೆಳಗಿನ ನವೆಂಬರಿನ ತಾರೀಖಿನ ಮೇಲೆ ಬೆರಳಿಟ್ಟರು.

“ನವೆಂಬರ್ ಕಡೀ ರವಿವಾರ ಹಿಡಿಯೋಣೇನು?”

“ರವಿವಾರ ಬ್ಯಾಡ್ರಿ ಸಾವ್ಕಾರ್ರೆ. ನಂಗ ಕೆಲಸ ಅದ.”

“ರವಿವಾರ ಅಂಗಡಿ ಬಂದ್ ಇರತದಲ್ಲೋ. ಎಂಥಾ ಕೆಲಸ?”

“ಜಮಖಾನಿ ಹಾಸೋದು,” ಅಂದ ದಾನಪ್ಪ. ಆಮೇಲೆ ಆರ್ಡರಿನ ಪುಸ್ತಕ ತೆರೆದು, ಶನಿವಾರದ ತಾರೀಖು ಬರೆದುಕೊಂಡ.